ನಿದ್ದೆಯಲ್ಲಿ ಹಾಯಿಸಿದ ನೀರು

ನಮ್ಮ ನಿಂಬೆ ತೋಟ ನನ್ನ ಗಂಡನ ಮೂವತ್ತು ವರ್ಷದ ನಿದ್ದೆ ತಿಂದಿತು. ಪಂಪಿಗೆ ಕರೆಂಟು ರಾತ್ರಿಯೇ ಬರುತ್ತಿತ್ತು; ಎದ್ದು ಹೋಗಿ ನೀರು ಹಾಯಿಸುತ್ತಿದ್ದರು. ಈಗ ತೋಟ ಮಾರಿ ಇಂಡಿ ಪಟ್ಟಣದಲ್ಲಿ ಮಾಳಿಗೆ ಮೇಲಿನ ಬಾಡಿಗೆ ಮನೆಯಲ್ಲಿದ್ದೇವೆ. ಅವರಿಗೆ ಮರೆವು ಹತ್ತಿದೆ. ನಿದ್ದೆಗೆಟ್ಟದ್ದೂ ಕಾರಣವಿರಬಹುದು ಎಂದರು ಡಾಕ್ಟರು. ಕಣ್ತುಂಬ ನಿದ್ದೆ ಮಾಡಿದರೆ ನನ್ನ ಹೆಸರಾದರೂ ಉಳಿದೀತೆಂದು ನನಗೆ ಆಸೆ.

ಹೋದ ತಿಂಗಳು ಒಂದು ಮಧ್ಯಾಹ್ನ ಎದ್ದು ಕೂತರು. “ಕರೆಂಟ್ ಬಂತು, ಗುರವ್ವಾ. ನೀರು ಬಿಟ್ಟು ಬರ್ತೇನಿ.”

“ತೋಟ ಮಾರಿ ಎರಡು ವರ್ಷ ಆತು. ಸುಮ್ನ ಮಲಕೋರಿ,” ಎಂದು ಒಳಗಿನಿಂದ ಚಿಲಕ ಹಾಕಿ ಬಾಗಿಲಿಗೇ ಒರಗಿ ಕೂತೆ.

ಗೊರಕೆ ಕೇಳಿಸಿತು, ಅದರ ಹಿಂದೆಯೇ ನಮ್ಮ ತೋಟದ ಪಂಪಿನ ಸದ್ದು. ಸಂಜೆ ಹೊದಿಕೆ ಸರಿಸಿದರೆ ಅವರ ಮೊಣಕಾಲತನಕ ತಣ್ಣನೆಯ ಹಸಿ ಕೆಸರು. ನಿಂಬೆ ಎಲೆಯೊಂದು ಅಂಟಿತ್ತು.

ತೊಳೆಯುವಾಗ ಕಣ್ಣು ಬಿಟ್ಟು, “ನೀ ಯಾರವ್ವಾ?” ಎಂದರು.

ಅಂದು ಅವರಿಗೆ ನಾಲ್ಕು ತಾಸು ಒಳ್ಳೆಯ ನಿದ್ದೆ ಸಿಕ್ಕಿತು. ನನ್ನ ಹೆಸರು ಹೋಯಿತು.