ನಾಲ್ಕನೇ ಹಲಗೆ

ಶುಕ್ರವಾರ ಮಧ್ಯಾಹ್ನ ಎರಡೂಕಾಲಿಗೆ ಅಕ್ರಂ ಪಾಷಾ ಜುಮ್ಮಾ ನಮಾಜು ಮುಗಿಸಿ ಬಂದರು. ಪಕ್ಕದ ಬಳೆ ಅಂಗಡಿಯ ಮೊಳೆಯಿಂದ ತಮ್ಮ ಬೀಗದ ಕೈ ತೆಗೆದುಕೊಂಡರು. ಕಬ್ಬಿಣದ ಪಟ್ಟಿ ಸರಿಸಿ, ತಮ್ಮ ಟ್ರಂಕ್ ಅಂಗಡಿಯ ಏಳು ಹಲಗೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಗೋಡೆಯ ಮೇಲೆ ತಗಡಿನ ಚೌಕಟ್ಟು ಇರಲಿಲ್ಲ. ಮೊಳೆ ಮಾತ್ರ ಇತ್ತು.

ಗಲ್ಲಾಪೆಟ್ಟಿಗೆ ಹಾಗೇ ಇತ್ತು. ತಗಡು ಕತ್ತರಿ, ಸುತ್ತಿಗೆ, ಹೊಸದಾಗಿ ಬಣ್ಣ ಬಳಿದ ಆರು ಟ್ರಂಕು, ಎಲ್ಲ ಇದ್ದಲ್ಲೇ ಇದ್ದವು. ಹೋಗಿದ್ದು ಆ ಚೌಕಟ್ಟು ಒಂದೇ. ಅದರೊಳಗೆ ಅಕ್ರಂ ಅವರ ತಾತನ ಕಾಲದ ಅಂಗಡಿ ಲೈಸೆನ್ಸ್ ಇತ್ತು.

ನನಗೆ ಫೋನ್ ಬಂದಾಗ ಬಸ್ ಸ್ಟ್ಯಾಂಡ್ ಹತ್ತಿರ ಕಾಫಿ ಕುಡಿಯುತ್ತಿದ್ದೆ. ಹೆಸರು ಮೆಹನಾಜ್. ಊರು ಕುಣಿಗಲ್, ಸಂಬಳ ಕೊಡುವುದು ತುಮಕೂರಿನ ಒಂದು ಪತ್ರಿಕೆ, ಸುದ್ದಿಗಾಗಿ ಸುತ್ತುವುದು ಗುಬ್ಬಿ. ಕಾಫಿ ಅರ್ಧಕ್ಕೇ ಬಿಟ್ಟು ಓಡಿದೆ.

ಆ ಕಾಗದ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬಿದರೆಹಳ್ಳಿ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂದಮೇಲೆ ಗುಬ್ಬಿಯ ಮುಖ್ಯರಸ್ತೆಯಲ್ಲಿ ಒಂದಡಿ ಜಾಗಕ್ಕೂ ಕಿತ್ತಾಟ. ಹಳೇ ಸಾಲಿನ ಹನ್ನೊಂದು ಅಂಗಡಿ ಕೆಡವಿ ನಾಲ್ಕಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸಲು ಒಬ್ಬ ಬಿಲ್ಡರ್ ಹೊರಟಿದ್ದ. ಅಂಗಡಿಯವರು ಜಪ್ಪಯ್ಯ ಅಂದರೂ ಏಳುವುದಿಲ್ಲ ಅಂದರು. ಸೋಮವಾರ ತುಮಕೂರಿನಲ್ಲಿ ವಿಚಾರಣೆ. ಎಪ್ಪತ್ತು ವರ್ಷದಿಂದ ಇಲ್ಲೇ ಇದ್ದೇವೆ ಅನ್ನುವುದಕ್ಕೆ ಅವರ ಬಳಿ ಉಳಿದಿದ್ದ ಆಧಾರ ಅದೊಂದೇ. ಲೈಸೆನ್ಸಿನ ಹಿಂಬದಿಯಲ್ಲಿ ಸಾಲಿನ ನಕ್ಷೆ, ಹನ್ನೊಂದು ಅಂಗಡಿಗಳ ಹೆಸರು, ಕೆಳಗೆ ಮೊಹರು. ಉಳಿದವರ ಕಾಗದಗಳನ್ನು ಗೆದ್ದಲು ತಿಂದು ಯಾವ ಕಾಲವಾಗಿತ್ತೋ. ಜೆರಾಕ್ಸ್ ಇತ್ತು, ಆದರೆ ವಿಚಾರಣೆಯ ಸಾಹೇಬರು ಮೂಲ ಪ್ರತಿಯೇ ಬೇಕು ಅಂದಿದ್ದರು. ಅದಿಲ್ಲದೆ ಹೋದರೆ ಜೆಸಿಬಿಗೆ ನಾವೇ ದಾರಿ ತೋರಿಸಿದ ಹಾಗೆ.

ನಾನು ತಲುಪುವಷ್ಟರಲ್ಲಿ ಸಾಲಿಗೆ ಸಾಲೇ ಅಲ್ಲಿ ನೆರೆದಿತ್ತು. ಹೋರಾಟ ಸಮಿತಿಯ ಅಧ್ಯಕ್ಷ ಚನ್ನಬಸವಯ್ಯ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದರು. ಅಕ್ರಂ ಅವರ ಎಡಪಕ್ಕಕ್ಕೆ ಅವರದು ಗ್ರಂಧಿಗೆ ಅಂಗಡಿ, ಸೀಗೆಕಾಯಿ, ಅರಿಶಿನ, ನಾರುಬೇರಿನ ವ್ಯಾಪಾರ. ಧರಣಿಯಲ್ಲಿ ಮೈಕ್ ಹಿಡಿದರೆ ಕೆಳಗಿಡದ ಮನುಷ್ಯ. ಬಲಪಕ್ಕಕ್ಕೆ ರಂಗಲಕ್ಷ್ಮಮ್ಮನವರ ಬಳೆ ಅಂಗಡಿ. ಅವರು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು.

ಹೆಡ್ ಕಾನ್‌ಸ್ಟೇಬಲ್ ದಾಸಯ್ಯ ಬೀಗವನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಡೆದಿರಲಿಲ್ಲ. ಹಾಗಾದರೆ ಕೀ ಎಲ್ಲಿತ್ತು? ಎಂದಿನಂತೆ ರಂಗಲಕ್ಷ್ಮಮ್ಮನವರ ಅಂಗಡಿಯ ಮೊಳೆಯಲ್ಲಿ. ಶುಕ್ರವಾರ ಅಕ್ರಂ ನಮಾಜಿಗೆ ಹೋದರೆ ಅವರ ಕೀ ಇಲ್ಲಿ. ಮಂಗಳವಾರ ರಂಗಲಕ್ಷ್ಮಮ್ಮ ದೇವಸ್ಥಾನಕ್ಕೆ ಹೋದರೆ ಇವರ ಕೀ ಅಲ್ಲಿ. ಇವತ್ತು ಒಂದೂವರೆಗೆ ಅವರು ಪರದೆಯ ಹಿಂದೆ ಕೂತು ಊಟ ಮಾಡುತ್ತಿದ್ದರಂತೆ. ಕೀ ತೆಗೆದವರನ್ನೂ ನೋಡಿಲ್ಲ, ಮತ್ತೆ ಇಟ್ಟವರನ್ನೂ ನೋಡಿಲ್ಲ. ಬಿಸಿಲ ಹೊತ್ತು, ಸಾಲಿನ ಉಳಿದವರೂ ಊಟಕ್ಕೆ ಹೋಗಿದ್ದರು.

"ನಿನ್ನೆ ಆ ಬಿಲ್ಡರ್ ಏಜೆಂಟು ರವೀಶ ನಿಮ್ಮಂಗ್ಡಿ ಮುಂದೆ ಅರ್ಧಗಂಟೆ ನಿಂತಿದ್ನಂತಲ್ಲಮ್ಮ. ಏನ್ ಮಾತು ಅದು?" ದಾಸಯ್ಯ ಕೇಳಿದರು.

"ಹತ್ತೊಂಬತ್ ವರ್ಷದಿಂದ ಈ ಮೊಳೇಲಿ ಅವ್ರ ಕೀ ನೇತಾಕಿದೀನಿ. ಇವತ್ತು ನಾನು ಲೆಕ್ಕ ಒಪ್ಪಿಸ್ಬೇಕಾ?" ಅಂದರು ರಂಗಲಕ್ಷ್ಮಮ್ಮ. ಆಮೇಲೆ ಬಾಯಿ ಬಿಡಲಿಲ್ಲ.

ಚನ್ನಬಸವಯ್ಯ ನಿಟ್ಟುಸಿರುಬಿಟ್ಟು, ನಮ್ಮವರನ್ನೇ ನಂಬುವ ಹಾಗಿಲ್ಲ, ಎಂಥ ಕಾಲ ಬಂತು ಅಂದರು. ಅಷ್ಟು ಸಾಕಾಯಿತು. ಮೂರ್ನಾಲ್ಕು ಜನ ಬಳೆ ಅಂಗಡಿಯ ಮುಂದಿನಿಂದ ಸರಿದು ದೂರ ನಿಂತರು. ಹಳೇ ಅಂಗಡಿ ಅಂದರೆ ಕಸ ಅನ್ನುವವರನ್ನು ಕಂಡರೆ ನನಗೆ ಮೊದಲೇ ಮೈ ಉರಿಯುತ್ತದೆ. ಅವರಿಗಿಂತ ಹೆಚ್ಚು ಆ ಹೊತ್ತು ಈ ಸರಿದು ನಿಂತವರ ಮೇಲೆ ಉರಿಯಿತು.

ದೂರು ಬರೆಸಲು ಅಕ್ರಂ ಸ್ಟೇಷನ್ನಿಗೆ ಹೋಗಬೇಕಿತ್ತು. ಮಗ ಉಮೇರ್ ಹಲಗೆ ಹಾಕಿದ. ಅಕ್ರಂ ಬೀಗ ಹಾಕಿ, ಎಲ್ಲರೂ ನೋಡುತ್ತಿರುವಾಗಲೇ ಬಳೆ ಅಂಗಡಿಗೆ ಹೋಗಿ ಅದೇ ಮೊಳೆಗೆ ಕೀ ನೇತುಹಾಕಿದರು.

"ಅಕ್ಕ, ಕೀ ಇಲ್ಲೇ ಇದೆ. ಒಂದ್ ಗಂಟೇಲಿ ಬರ್ತೀನಿ."

ರಂಗಲಕ್ಷ್ಮಮ್ಮ ತಲೆಯಾಡಿಸಿದರು. ಕಣ್ಣೊರೆಸಿಕೊಂಡದ್ದು ನನಗೆ ಕಾಣಿಸಿತು.

* * *

ನನ್ನ ಮೊದಲ ಅನುಮಾನ ರವೀಶನ ಮೇಲೆ. ಆದರೆ ಶುಕ್ರವಾರ ಅವನು ಅಮೃತೂರಿನಲ್ಲಿ ಒಂದು ಮದುವೆಯಲ್ಲಿದ್ದ. ಫೋಟೋಗ್ರಾಫರ್ ನಮ್ಮ ಕುಣಿಗಲ್ಲಿನ ಹುಡುಗ. ಹನ್ನೆರಡೂವರೆಯಿಂದ ಮೂರರವರೆಗಿನ ಚಿತ್ರಗಳನ್ನೆಲ್ಲ ಕಳಿಸಿದ. ರವೀಶ ವೇದಿಕೆಯ ಮೇಲಿದ್ದ, ಊಟದ ಸಾಲಿನಲ್ಲಿದ್ದ, ಐಸ್‌ಕ್ರೀಮಿನ ಮುಂದೆ ಎರಡು ಸಲ ಇದ್ದ.

ಆದರೂ ಅವನಿಗೆ ಫೋನ್ ಮಾಡಿದೆ. ಸೋಮವಾರದ ವಿಚಾರಣೆಗೆ ಹನ್ನೊಂದು ಅಂಗಡಿಯವರೂ ಬರುತ್ತಾರೆ, ನಿಮ್ಮ ಬಿಲ್ಡರ್ ಏನು ಹೇಳುತ್ತಾರೆ ಅಂದೆ. ಅವನು ನಕ್ಕ.

"ಮೇಡಂ, ಹನ್ನೊಂದು ಅಂತ ಬರ್ಕೋಬೇಡಿ. ಹತ್ತು ಅಂತ ಬರ್ಕೊಳಿ."

ಅಲ್ಲಿಗೆ ಸಾಲಿನವರೇ ಒಬ್ಬರು ಅವನ ಕೈಗೆ ಸಿಕ್ಕಿದ್ದರು. ಯಾರು? ಊರಿನ ಬಾಯಲ್ಲಿ ಆಗಲೇ ಉತ್ತರವಿತ್ತು. ನಾನು ನೇರ ರಂಗಲಕ್ಷ್ಮಮ್ಮನವರ ಮನೆಗೇ ಹೋದೆ. ಅನುಮಾನದಿಂದ ಬಂದಿಲ್ಲ, ಪತ್ರಿಕೆಗೆ ಬೇಕು ಅಂದೆ. ಆಗ ಹೇಳಿದರು. ಮೂರನೇ ಮಹಡಿಯಲ್ಲಿ ಅಂಗಡಿ ಕೊಡುತ್ತೇನೆ, ಲಿಫ್ಟ್ ಇರುತ್ತದೆ ಅಂದನಂತೆ ರವೀಶ. ಬೆಳ್ಳಾವಿಯಿಂದ ಬಸ್ಸಿಳಿದು ಬರುವ ಬಾಣಂತಿ ಮಗುವಿಗೆ ಕರೀಬಳೆ ಕೊಳ್ಳಲು ಮೂರನೇ ಮಹಡಿ ಹತ್ತುತ್ತಾಳೇನಯ್ಯ ಅಂತ ಇವರು ಕೇಳಿದರಂತೆ. ಅರ್ಧಗಂಟೆ ಅವನು ಮಾತಾಡಿದ್ದ, ಇವರು ಬಳೆ ಜೋಡಿಸಿದ್ದರು. ನಂಬುವುದೋ ಬಿಡುವುದೋ? ನಾನು ನಂಬಿದೆ. ಆದರೆ ನನ್ನ ನಂಬಿಕೆ ದಾಸಯ್ಯನಿಗೆ ಸಾಕ್ಷಿಯಾಗುವುದಿಲ್ಲ.

* * *

ಶನಿವಾರ ಬೆಳಿಗ್ಗೆ ಅಕ್ರಂ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ನಿಂತೆ. ಹಲಗೆ ಬಾಗಿಲು ಈಗಿನವರಿಗೆ ಗೊತ್ತಿರಲಾರದು. ಕೆಳಗೆ ಹೊಸ್ತಿಲಲ್ಲಿ ಒಂದು ಜಾಡು, ಮೇಲೆ ತೊಲೆಯಲ್ಲಿ ಒಂದು ಜಾಡು. ಆಳೆತ್ತರದ ಹಲಗೆಗಳನ್ನು ಒಂದರ ಪಕ್ಕ ಒಂದು ಅದರಲ್ಲಿ ಕೂರಿಸಬೇಕು. ಅಕ್ರಂ ಅವರ ಹಲಗೆಗಳಿಗೆ ನಂಬರು ಇಲ್ಲ. ಒಂದರಂತೆ ಇನ್ನೊಂದಿಲ್ಲ. ಕ್ರಮ ತಪ್ಪಿದರೆ ಏಳನೆಯದು ಒಳಗೆ ಹೋಗುವುದೇ ಇಲ್ಲ.

"ಇವತ್ತು ಸಲೀಸಾಗಿ ಬಂತು ನೋಡು" ಅಂದರು ಅಕ್ರಂ, ನಾಲ್ಕನೆಯದನ್ನು ಎತ್ತುತ್ತಾ. "ನಿನ್ನೆ ಮಧ್ಯಾಹ್ನ ಕಚ್ಕೊಂಡ್ಬಿಟ್ಟಿತ್ತು ಬೇಟಿ. ಕಲ್ಲಲ್ಲಿ ಹೊಡ್ದು ತೆಗ್ದೆ. ಮರ ಉಬ್ಬಿರ್ಬೇಕು."

ಮಾರ್ಚ್ ತಿಂಗಳು. ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಒಣ ಮರ ಉಬ್ಬುವುದು ಹೇಗೆ?

ಬಗ್ಗಿ ಹೊಸ್ತಿಲ ಜಾಡು ನೋಡಿದೆ. ನಾಲ್ಕನೇ ಹಲಗೆ ಕೂರುವ ಕಡೆ ಕಂದು ಬಣ್ಣದ ಪುಡಿ ಬಿದ್ದಿತ್ತು. ಬೆರಳಲ್ಲಿ ತಿಕ್ಕಿದರೆ ಹಿಟ್ಟಾಯಿತು. ಕೊಳೆತ ಮರದ ಪುಡಿ. ಹಲಗೆಯ ಕೆಳತುದಿ ಮುಟ್ಟಿದೆ. ಗಟ್ಟಿಯಾಗಿತ್ತು. ಮೇಲಿನ ತುದಿ ಮುಟ್ಟಿದೆ. ಅದು ಕೊಳೆತಿತ್ತು.

"ಚಾಚಾ, ಕೊಳೆತಿರೋ ತುದಿ ಮೇಲಿದೆ. ಪುಡಿ ಕೆಳಗೆ ಹೇಗೆ ಬಂತು?"

ಅವರೂ ಆ ತುದಿ ಮುಟ್ಟಿ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. ಒಂಬತ್ತು ವರ್ಷದ ಹಿಂದೆ ಚರಂಡಿ ಉಕ್ಕಿ ಹೊಸ್ತಿಲವರೆಗೂ ನೀರು ನಿಂತಿತ್ತು. ಆ ಹಲಗೆಯ ಬುಡ ಕೊಳೆಯಿತು. ಹೊಸದು ಮಾಡಿಸುವ ಬದಲು ಬಡಗಿಯನ್ನು ಕರೆಸಿ, ಹಲಗೆಯನ್ನು ತಲೆಕೆಳಗು ಮಾಡಿ, ಹಾಗೇ ಕೂರುವಂತೆ ಹೆರೆಸಿದ್ದರು. ಅಲ್ಲಿಯವರೆಗೆ ಅದರಲ್ಲಿದ್ದ ಗಂಟು ಮೇಲಿರುತ್ತಿತ್ತು. ಅಂದಿನಿಂದ ಗಂಟು ಕೆಳಗೆ.

ಶುಕ್ರವಾರ ಬಂದವನು ಗಂಟು ಮೇಲೆ ಮಾಡಿ ಹಾಕಿದ್ದ. ಅದಕ್ಕೇ ಹಲಗೆ ಕಚ್ಚಿಕೊಂಡಿತ್ತು. ಅದಕ್ಕೇ ಪುಡಿ ಕೆಳಗೆ ಬಿದ್ದಿತ್ತು.

"ಈ ಹಲಗೆಗಳನ್ನ ಯಾರ್ಯಾರು ಹಾಕಿದಾರೆ ಚಾಚಾ? ಇವತ್ತಲ್ಲ, ಯಾವತ್ತಾದ್ರೂ."

ಅವರ ತಂದೆ, ಈಗಿಲ್ಲ. ಅವರು. ಉಮೇರ್, ಅಂಗಡಿಗೆ ಬಂದು ಆರೇ ವರ್ಷ. ಇನ್ನೂ ಒಬ್ಬರಿದ್ದರು. ಹನ್ನೆರಡು ವರ್ಷದ ಹಿಂದೆ ಅವರೂ ಹೆಂಡತಿ ಖುರ್ಷಿದಾ ಬೇಗಂ ಅವರೂ ಹಜ್‌ಗೆ ಹೋಗಿದ್ದರು. ಆ ನಲವತ್ತು ದಿನ ಅಂಗಡಿಯನ್ನು ಒಬ್ಬರು ನೋಡಿಕೊಂಡಿದ್ದರು. ಬೆಳಿಗ್ಗೆ ತೆಗೆದು, ಸಂಜೆ ಹಾಕಿ, ಒಂದು ಮೊಳೆಯೂ ಆಚೀಚೆ ಆಗದ ಹಾಗೆ.

ಹೆಸರು ಹೇಳಿ, ಅಲ್ಲೇ ಒಂದು ಟ್ರಂಕಿನ ಮೇಲೆ ಕೂತುಬಿಟ್ಟರು.

"ಬೇಡ ಬೇಟಿ. ನನ್ ಲೆಕ್ಕ ತಪ್ಪಾಗಿರ್ಲಿ."

* * *

ಸಂಜೆ ಆರೂವರೆಗೆ ಸಮಿತಿಯ ಸಭೆ ಅಕ್ರಂ ಅವರ ಅಂಗಡಿಯ ಮುಂದೆಯೇ ಆಯಿತು. ಮೂಲ ಪ್ರತಿ ಇಲ್ಲದೆ ತುಮಕೂರಿಗೆ ಹೋಗಿ ಅವಮಾನ ಪಡುವ ಬದಲು ಬಿಲ್ಡರ್ ಜೊತೆ ಕೂತು ಮಾತಾಡಿದರೆ ಹೇಗೆ ಅಂತ ಅಧ್ಯಕ್ಷರೇ ಕೇಳಿದರು. ಮೈಕಿನಲ್ಲಿ ಗುಡುಗುತ್ತಿದ್ದವರ ದನಿ ಅದೇನಾ ಅನ್ನಿಸಿತು. ಕೆಲವರು ತಲೆಯಾಡಿಸಿದರು. ದಾಸಯ್ಯ ಮಗಳಿಗೆ ಬಳೆ ಆರಿಸುವ ನೆಪದಲ್ಲಿ ಪಕ್ಕದಲ್ಲೇ ನಿಂತಿದ್ದರು.

ಸಭೆ ಮುಗಿಯಿತು. ಉಮೇರನನ್ನು ಬೇಕೆಂದೇ ವಕೀಲರ ಮನೆಗೆ ಕಳಿಸಿದ್ದೆವು. ಅಕ್ರಂ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದರು.

"ಬಸಯ್ಯ, ಕೈ ಉಳುಕಿದೆ. ಸ್ವಲ್ಪ ಹಲಗೆ ಹಾಕ್ಕೊಡ್ತೀಯಾ?"

ಚನ್ನಬಸವಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಎದ್ದರು. ಮೊದಲನೆಯದು ಹಾಕಿದರು. ಎರಡನೆಯದು. ಮೂರನೆಯದು. ಹುಡುಕಲಿಲ್ಲ, ಅಳೆಯಲಿಲ್ಲ. ಕತ್ತಲಾಗುತ್ತಿತ್ತು, ಕೈ ತಾನೇ ನಡೆಯುತ್ತಿತ್ತು. ನಾಲ್ಕನೆಯದನ್ನು ಎತ್ತಿ, ಗಂಟು ತಡವಿ ನೋಡಿ, ಅದನ್ನು ಮೇಲೆ ಮಾಡಿ ಜಾಡಿಗೆ ಇಳಿಸಿದರು. ಕಚ್ಚಿಕೊಂಡಿತು. ಅಂಗೈಯಿಂದ ಎರಡು ಸಲ ಗುದ್ದಿದರು. ಕೆಳಗೆ ಕಂದು ಪುಡಿ ಉದುರಿತು.

ಅಕ್ರಂ ಮುಖ ತಿರುಗಿಸಿಕೊಂಡರು. ಮಾತು ನನ್ನ ಪಾಲಿಗೆ ಬಂತು.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಹೊರಗಿನ ಕಳ್ಳನಾಗಿದ್ದರೆ ಈ ಏಳು ಹಲಗೆಗಳನ್ನು ಕ್ರಮವಾಗಿ ಹಾಕಲು ಅರ್ಧ ದಿನ ಬೇಕಿತ್ತು. ಅಕ್ರಂ, ಉಮೇರ್ ಹಾಕಿದ್ದರೆ ನಾಲ್ಕನೆಯದರ ಗಂಟು ಕೆಳಗಿರುತ್ತಿತ್ತು. ರಂಗಲಕ್ಷ್ಮಮ್ಮ ದಿನಾ ನೋಡುತ್ತಾರೆ, ಒಂದು ದಿನವೂ ಎತ್ತಿದವರಲ್ಲ. ಶುಕ್ರವಾರ ಬಂದವರಿಗೆ ಕ್ರಮ ಗೊತ್ತಿತ್ತು, ಆದರೆ ಒಂಬತ್ತು ವರ್ಷದ ಹಿಂದೆ ಆದ ಬದಲಾವಣೆ ಗೊತ್ತಿರಲಿಲ್ಲ. ಅಂಥವರು ಈ ಗುಬ್ಬಿಯಲ್ಲಿ ಒಬ್ಬರೇ, ಅಕ್ರಂ ಹಜ್‌ಗೆ ಹೋಗಿದ್ದ ಆ ನಲವತ್ತು ದಿನ ಈ ಅಂಗಡಿ ನೋಡಿಕೊಂಡ ಚನ್ನಬಸವಯ್ಯನವರು. ಏಳಕ್ಕೆ ಬಾಗಿಲು ಹಾಕಿ ಮನೆಗೆ ಹೋಗುವವರು, ಎಂಟಕ್ಕೆ ಮುಚ್ಚುವ ಪಕ್ಕದ ಅಂಗಡಿಯ ಹಲಗೆಯನ್ನು ಆಮೇಲೆ ಗಮನಿಸಿ ನೋಡಿದವರಲ್ಲ.

ಚನ್ನಬಸವಯ್ಯನವರ ಕೈ ಇನ್ನೂ ಹಲಗೆಯ ಮೇಲೇ ಇತ್ತು. ಅವರು ವಾದ ಮಾಡಲಿಲ್ಲ. ನೆಲಮಹಡಿಯ ಅಂಗಡಿ, ರೋಡಿಗೆ ಮೂಲೆಯದು, ನಿಮಗೊಬ್ಬರಿಗೇ ಅಂತ ರವೀಶ ಆಸೆ ಹುಟ್ಟಿಸಿದ್ದನಂತೆ. ಎಲ್ಲರೂ ಹೇಗೂ ಹೋಗುತ್ತೇವೆ, ನಾನೊಬ್ಬನಾದರೂ ಉಳಿಯೋಣ ಅಂದುಕೊಂಡರಂತೆ. ಚೌಕಟ್ಟನ್ನು ಭಾನುವಾರ ಅವನ ಕೈಗೆ ಕೊಡಬೇಕಿತ್ತು.

ನನಗೆ ಒಂದು ಮಾತ್ರ ತಿಳಿಯಲಿಲ್ಲ. ಹಲಗೆಗಳನ್ನು ಹಾಗೇ ಬಿಸಾಡಿ ಹೋಗಿದ್ದರೆ ಯಾರೋ ಕಳ್ಳ ಅನ್ನುತ್ತಿದ್ದರು, ಕಥೆ ಮುಗಿಯುತ್ತಿತ್ತು. ಯಾಕೆ ಮತ್ತೆ ಹಾಕಿದಿರಿ ಅಂತ ಕೇಳಿದೆ.

"ಬಾಯಿ ತಕ್ಕಂಡಿರೋ ಅಂಗಡೀನ ರೋಡಿಗೆ ಬುಟ್ಟು ಹೆಂಗಮ್ಮ ಹೋಗದು? ಕೈ ಬರ್ಲಿಲ್ಲ" ಅಂದರು.

ಆಮೇಲೆ ತಮ್ಮ ಅಂಗಡಿಯ ಸೀಗೆಕಾಯಿ ಮೂಟೆಯತ್ತ ಕೈ ತೋರಿಸಿದರು. ದಾಸಯ್ಯ ಅಲ್ಲಿಗೆ ಹೋಗಿ ಮೂಟೆಯೊಳಗಿಂದ ಚೌಕಟ್ಟು ಎಳೆದು ತಂದರು. ಗಾಜು ಒರೆಸುವಾಗ ಮೂರು ಸಲ ಸೀನಿದರು. ಕಾಗದ ನೆಟ್ಟಗಿತ್ತು.

* * *

ಸೋಮವಾರ ಬೆಳಿಗ್ಗೆ ಎಂಟಕ್ಕೆ ತುಮಕೂರು ಬಸ್ಸಿಗೆ ಹತ್ತು ಜನ ನಿಂತಿದ್ದರು. ಕೇಸು ದಾಖಲಾಗಿತ್ತು. ಚನ್ನಬಸವಯ್ಯನವರ ಹೇಳಿಕೆ ಬರೆಸಿಕೊಂಡು ಬಿಟ್ಟಿದ್ದರು. ರವೀಶನಿಗೆ ಮಂಗಳವಾರ ಸ್ಟೇಷನ್ನಿಗೆ ಬರಲು ಹೇಳಿದ್ದರು. ಪೊಲೀಸರ ಒಪ್ಪಿಗೆಯ ಮೇಲೆ ಚೌಕಟ್ಟು ದಾಸಯ್ಯನವರ ಕಂಕುಳಲ್ಲೇ ಹೊರಟಿತ್ತು.

ಚನ್ನಬಸವಯ್ಯ ರಸ್ತೆಯ ಆಚೆ ಬದಿ ನಿಂತಿದ್ದರು. ಹತ್ತಿರ ಬರಲೂ ಇಲ್ಲ, ಹೋಗಲೂ ಇಲ್ಲ. ಒಬ್ಬರೂ ಅತ್ತ ನೋಡಲಿಲ್ಲ. ನಾನೂ ನೋಡಬಾರದು ಅಂತಲೇ ನಿಂತಿದ್ದೆ.

ರಸ್ತೆ ದಾಟಿ ಹೋದವರು ರಂಗಲಕ್ಷ್ಮಮ್ಮ.

"ಬಸ್ ಹತ್ತಯ್ಯ. ನಿನ್ ಮ್ಯಾಲಿನ್ ಸಿಟ್ಟು ಹೋಗಿಲ್ಲ, ಹೋಗದೂ ಇಲ್ಲ. ಆದ್ರೆ ನಕ್ಷೇಲಿ ಹನ್ನೊಂದ್ ಅಂಗ್ಡಿ ಅವೆ. ಆ ರವೀಶನ ಮುಂದೆ ಹತ್ತು ಅಂತ ನಾನು ಹೇಳಲ್ಲ."

ತುಮಕೂರಿನಲ್ಲಿ ಸಾಹೇಬರು ಕಾಗದ ತಿರುಗಿಸಿ ನಕ್ಷೆಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದರು. ಅಜ್ಜನ ಹೆಸರು ಬಂದಾಗ ಮೊಮ್ಮಗ, ಮಾವನ ಹೆಸರು ಬಂದಾಗ ಸೊಸೆ, ಹೀಗೆ ಎದ್ದು ನಿಂತರು. ಕೊನೆಯ ಆದೇಶ ಬರುವವರೆಗೆ ಆ ಸಾಲಿನ ಒಂದು ಇಟ್ಟಿಗೆಯನ್ನೂ ಮುಟ್ಟಬಾರದು ಅಂತ ಬರೆಸಿದರು. ಗೆದ್ದೆವು ಅಂತಲ್ಲ. ಏಳುವುದಿಲ್ಲ ಅಂದಿದ್ದೆವು, ಎದ್ದಿಲ್ಲ.

ಓದುವಾಗ ರವೀಶ ಬಾಗಿಲ ಬಳಿ ನಿಂತು ಬೆರಳು ಮಡಿಸಿ ಎಣಿಸುತ್ತಿದ್ದ. ಹತ್ತಕ್ಕೆ ಕೈ ಇಳಿಸಿದ. ಸಾಹೇಬರು ಇನ್ನೊಂದು ಹೆಸರು ಓದಿದರು. ಹಿಂದಿನ ಬೆಂಚಿನಿಂದ ಚನ್ನಬಸವಯ್ಯ ತಲೆತಗ್ಗಿಸಿಕೊಂಡೇ ಎದ್ದು ನಿಂತರು.