ಏಳನೆಯ ರ‍್ಯಾಕಿನ ಬಿಸಿಗಾಳಿ

ಸರ್ವರ್ ಕೋಣೆಯಲ್ಲಿ ಏಳನೆಯ ರ‍್ಯಾಕಿನ ಹಿಂಬದಿ ಒರೆಸುತ್ತಿದ್ದೆ. ಉಳಿದವುಗಳಿಗಿಂತ ಅದರ ಗಾಳಿ ಕೈಗೆ ಬಿಸಿ ತಾಗುತ್ತಿತ್ತು. ಅಷ್ಟರಲ್ಲಿ ಫೈಬರ್ ಜೋಡಿಸುವ ಹುಡುಗಿ ಓಡಿ ಬಂದಳು.

“ದೊಡ್ಡಮ್ಮಾ, ನಿಮ್ಮ ಭಾವನ್ನ ಕರೀರಿ. ಏಳನೇ ರ‍್ಯಾಕಿನ ಹನ್ನೆರಡು ಹೊಸ ಮಾಡ್ಯೂಲ್ ಕದ್ದು ಹಳೇವು ಹಾಕಿದೀನಂತೆ. ಜನ ಕಳಿಸಿ ನಮ್ಮನೇನೂ ಹುಡುಕಿಸಿದ್ರು. ಸಂಜೆಯೊಳಗೆ ಒಪ್ಪಿಕೊಳ್ದಿದ್ರೆ ಕೆಲಸಾನೇ ಇಲ್ಲ ಅಂತಾರೆ ಮ್ಯಾನೇಜರ್. ಐದು ತಿಂಗಳಿಂದ ಕಾಯಂ ಪತ್ರಕ್ಕೆ ಕಾಯ್ತಿದೀನಿ!”

ಮಾಡ್ಯೂಲ್ ಎಂದರೆ ಬೆರಳುದ್ದದ ಲೋಹದ ತುಂಡು. ವಿದ್ಯುತ್ ಸಂಕೇತವನ್ನು ಬೆಳಕು ಮಾಡಿ ಗಾಜಿನೆಳೆಗೆ ದಾಟಿಸುತ್ತದೆ. ಹೊಸವು ಅರ್ಧ ವಿದ್ಯುತ್ತಿನಲ್ಲೇ ದುಡಿಯುವಂಥವು, ಅಷ್ಟಾಗಿ ಬಿಸಿಯಾಗುವುದಿಲ್ಲ.

ಭಾವ ಟೆಲಿಫೋನ್ ತಂತಿಯ ದೋಷ ಹುಡುಕಿಯೇ ನಿವೃತ್ತರಾದವರು, ಎಲ್ಲರಿಗೂ ತಂತಿಮಾವ. ಮೇಲಿನ ನಮ್ಮ ಕ್ವಾರ್ಟರ್ಸಿನಿಂದ ಇಳಿದು ಬಂದು, ಒಂದು ಮಾಡ್ಯೂಲ್ ಕಳಚಿಸಿ, ಅದಕ್ಕೆ ಅಂಟಿಸಿದ್ದ ಹೊಸ ಮಾಡ್ಯೂಲಿನ ನಂಬರು ಚೀಟಿಯ ಮೇಲೆ ಉಗುರಾಡಿಸಿದರು. ಚೀಟಿ ನೆನೆದು ಒಣಗಿದಂತೆ ಸುಕ್ಕುಗಟ್ಟಿತ್ತು.

“ಇವನ್ನ ಹಾಕಿದ ದಿನ ಏನು ಗುಡಿಸಿದೆಯಮ್ಮಾ?”

“ಮಾಡ್ಯೂಲಿನ ಬಾಯಿಗೆ ಧೂಳು ಹೋಗದ ಹಾಗೆ ಸಿಕ್ಕಿಸಿರ್ತಾರಲ್ಲ, ಆ ಪುಟ್ಟ ಮುಚ್ಚಳ ಭಾವ. ಬೇರೆ ರ‍್ಯಾಕಿನಡಿ ಬಿಳೀವು, ಏಳರಡಿ ಕಪ್ಪು. ಹೆಣಿಗೆ ಕಡ್ಡಿಯ ತುದಿಗಾಗತ್ತೆ ಅಂತ ಇಟ್ಕೊಂಡಿದೀನಿ.”

“ನಿನ್ನ ಕಸಾನೂ ಸಾಕ್ಷಿ ಹೇಳತ್ತೆ ಬಿಡು!”

ಸುಳ್ಳೇಕೆ, ನನಗೆ ಹುಡುಗಿಯ ಮೇಲೂ ಅನುಮಾನವಿತ್ತು. ಮ್ಯಾನೇಜರ್ ಬಾಗಿಲ ಮರೆಯಲ್ಲಿ ಕಿವಿಗೊಟ್ಟಿದ್ದರು, ಅವರ ಮೇಲೂ ಬಂತು. ಸ್ಟೋರಿಗೆ ಹೋದರೆ ಅಲ್ಲಿನ ಸಾಮಾನು ನೋಡಿಕೊಳ್ಳುವ ಅಣ್ಣ, ಸೋರುವ ಎಸಿ ಪೈಪಿನಡಿಯ ಬಕೆಟ್ ದಾಟಿ ಬಂದು, ಕೇಳುವ ಮೊದಲೇ “ಮಾಡ್ಯೂಲಿನ ಪೆಟ್ಟಿಗೆ ನಾನು ಬಿಚ್ಚೇ ಇಲ್ಲ ಮಾವ” ಎಂದ.

ಸಂಜೆ ಮ್ಯಾನೇಜರ್ ಕೋಣೆಯಲ್ಲಿ ಎಲ್ಲರೂ ಸೇರಿದೆವು.

“ಮೈಮೇಲಿನ ಚೀಟಿ ಬದಲಿಸಬಹುದು,” ಎಂದರು ಭಾವ. “ಒಳಗಿನ ಚಿಪ್‌ನಲ್ಲಿರೋ ನಂಬರು? ಇದನ್ನ ಸಿಕ್ಕಿಸೋ ಸ್ವಿಚ್ ಯಂತ್ರ ಓದೋದು ಅದನ್ನೇ. ದಾಖಲೆ ತೆಗೆಸಿ ನೋಡಿದೆ. ಹಾಕಿದ ದಿನದಿಂದ ಇವೇ ನಂಬರು. ಹನ್ನೆರಡೂ ಹೋದ ವರ್ಷ ಇಲ್ಲೇ ಕಳಚಿ ಸ್ಟೋರಿಗೆ ಹಾಕಿದವು. ಹಳೇದಕ್ಕೆ ಕಪ್ಪು ಮುಚ್ಚಳ ಹಾಕಿಡೋದು ಸ್ಟೋರಿನ ಪದ್ಧತಿ. ಅಂದ್ಮೇಲೆ ಹುಡುಗಿ ಕೈಗೆ ಬರೋ ಮೊದಲೇ ಪೆಟ್ಟಿಗೆಯಲ್ಲಿ ಹಳೇವಿದ್ವು. ಒಣ ಚೀಟಿ ಕಿತ್ರೆ ಹರಿಯತ್ತೆ, ಇವು ನೆಂದಿದ್ರಿಂದ ಹೊಸದರ ಮೈಯಿಂದ ಇಡಿಯಾಗಿ ಎದ್ದು ಬಂದಿವೆ. ನೀರು ಸೋರೋದು ಎಲ್ಲಿ? ಹಳೇ ಸಾಮಾನಿನ ಬೀಗದ ಕೈ ಯಾರ ಹತ್ರ ಮಾತ್ರ ಇದೆ?”

ಸ್ಟೋರಿನ ಅಣ್ಣ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. “ಪೆಟ್ಟಿಗೆ ಪೈಪಿನಡಿ ಇಟ್ಟುಬಿಟ್ಟಿದ್ದೆ. ಎಲ್ಲಾ ನೆಂದು ಹಾಳಾಗಿತ್ತು. ಹೆದರಿ ಚೀಟಿ ಕಿತ್ತು ಹಳೇವಕ್ಕೆ ಅಂಟಿಸಿಬಿಟ್ಟೆ ಮಾವ.”

“ನೀರಿಗೆ ಇಟ್ಟಿದ್ದು ಮರೆವಪ್ಪಾ. ಇವಳ ತಲೆಗೆ ಕಟ್ಟಿದ್ದು?”

ಮ್ಯಾನೇಜರ್ ಕಾಯಂ ಪತ್ರಕ್ಕೆ ಸಹಿ ಹಾಕಿ ಹುಡುಗಿಯತ್ತ ಚಾಚಿದರು. ಅವಳು ಕೈ ಕಟ್ಟಿಕೊಂಡೇ ನಿಂತಳು.

“ಕೈಗೆ ಬೇಡ ಸಾರ್. ಜನ ಕಳಿಸಿ ಮನೆ ಜಾಲಾಡಿಸಿದ್ರಿ, ಬೀದಿಯೆಲ್ಲಾ ನೋಡ್ತು. ಇದೂ ಅಂಚೆಯಲ್ಲಿ ಮನೆಗೇ ಬರ್ಲಿ, ಬೀದಿ ನೋಡ್ಲಿ.”

ಮ್ಯಾನೇಜರ್ ನಮ್ಮೆಲ್ಲರ ಮುಖ ನೋಡಿದರು. ಯಾರೂ ಅವರ ನೆರವಿಗೆ ಬರಲಿಲ್ಲ. ಲಕೋಟೆಯ ಮೇಲೆ ತಮ್ಮ ಕೈಯಿಂದಲೇ ವಿಳಾಸ ಬರೆದು, ಅಂಚೆ ಕಚೇರಿ ಮುಚ್ಚುವ ಮೊದಲು ತಾವೇ ನಡೆದು ಹೋಗಿ ರಿಜಿಸ್ಟರ್ ಮಾಡಿಸಿ ಬಂದರು.