ಎರಡನೆಯ ವೀಕ್ಷಕ

2019ರ ಅಕ್ಟೋಬರ್ 14, ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಶಿಶುವಿಹಾರದ ಹಳದಿ ಕೋಣೆಯ ಎದುರುಬದುರು ಮೂಲೆಗಳಲ್ಲಿ ಇಬ್ಬರು ದೊಡ್ಡವರು ಮಕ್ಕಳ ಕುರ್ಚಿಗಳ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಿದ್ದರು. ಇಬ್ಬರ ಕೊರಳಲ್ಲೂ ಸ್ಟಾಪ್‌ವಾಚ್. ಮಾತಾಡುವಂತಿಲ್ಲ, ಒಬ್ಬರನ್ನೊಬ್ಬರು ನೋಡುವಂತಿಲ್ಲ. ನಿಯಮ ಹಾಗಿತ್ತು.

ಅವಳು ಸಂಶೋಧಕಿ. ನಾಲ್ಕು ದೇಶಗಳ ಶಿಶುವಿಹಾರಗಳನ್ನು ಹೋಲಿಸುವ ಯೋಜನೆಯಲ್ಲಿ ಅವಳ ಪಾಲಿಗೆ ಬಂದದ್ದು ಒಂದು ಸಣ್ಣ ಸಂಗತಿ. ಪ್ರಶ್ನೆ ಕೇಳಿದ ಮೇಲೆ ಮಗುವಿನ ಉತ್ತರಕ್ಕಾಗಿ ಟೀಚರ್ ಎಷ್ಟು ಹೊತ್ತು ಕಾಯುತ್ತಾರೆ? ಒಂದು ದೇಶ ನಾಲ್ಕನೇ ವರ್ಷಕ್ಕೇ ಅಕ್ಷರ ತಿದ್ದಿಸುತ್ತದೆ, ಇನ್ನೊಂದು ಏಳರವರೆಗೆ ಮಣ್ಣಿನಲ್ಲಿ ಆಡಲು ಬಿಡುತ್ತದೆ. ನೀತಿಪತ್ರ ತೆರೆದರೆ ಎಲ್ಲರೂ ‘ಮಗುವೇ ಕೇಂದ್ರ’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡಿರುತ್ತಾರೆ. ಕಾಯುವ ತಾಳ್ಮೆ ಯಾರಿಗಿದೆ ಎಂಬುದು ಮಾತ್ರ ಆ ಪತ್ರದಲ್ಲಿ ಸಿಗುವುದಿಲ್ಲ; ಮೂಲೆಯಲ್ಲಿ ಕೂತು ಅಳೆಯಬೇಕು. ಇದುವರೆಗೆ ಯಾವ ದೇಶದಲ್ಲೂ ಯಾವ ಟೀಚರೂ ಆರು ಸೆಕೆಂಡು ದಾಟಿರಲಿಲ್ಲ.

ಅವನು ಎರಡನೆಯ ವೀಕ್ಷಕ. ಉತ್ತರದ ಚಳಿದೇಶದ ತರಗತಿಗಳಲ್ಲಿ ಎರಡು ವರ್ಷ ಕೂತು ಬಂದವನು. ಇಬ್ಬರೂ ಬೇರೆ ಬೇರೆಯಾಗಿ ಅಳೆದು, ಕೊನೆಗೆ ತಾಳೆಯಾದರಷ್ಟೇ ಲೆಕ್ಕಕ್ಕೆ ಬೆಲೆ. ಮಕ್ಕಳ ವಿಡಿಯೊ ತೆಗೆಯಲು ಅನುಮತಿ ಇಲ್ಲದ್ದರಿಂದ ಇಬ್ಬರ ಕಣ್ಣು ಕಿವಿಗಳೇ ಸಾಕ್ಷಿ. ಮಕ್ಕಳು ಅವಳಿಗೆ ಟಿಕ್‌ಟಿಕ್ ಆಂಟಿ ಎಂದೂ ಅವನಿಗೆ ಮೂಲೆ ಅಂಕಲ್ ಎಂದೂ ಹೆಸರಿಟ್ಟಿದ್ದರು.

“ಮೀನು ಯಾಕೆ ಮುಳುಗಲ್ಲ?” ಟೀಚರ್ ಕೇಳಿದರು. ಕೇಳಿದ್ದೇ ತಡ, “ಅದಕ್ಕೆ ಈಜು ಬರುತ್ತಲ್ವಾ?” ಎಂದು ತಾವೇ ಹೇಳಿಬಿಟ್ಟರು. ಅಷ್ಟರಲ್ಲಿ ಗುಬ್ಬಿ ಎಂದು ಎಲ್ಲರೂ ಕರೆಯುವ ಪುಟ್ಟ ಹುಡುಗಿ ಹಿಂದಿನಿಂದ ಬಂದು ಸಂಶೋಧಕಿಯ ಸ್ಟಾಪ್‌ವಾಚಿನ ದಾರಕ್ಕೆ ಜೋತುಬಿದ್ದಳು. ಸಂಶೋಧಕಿಯ ಬೆರಳು ನಿಲ್ಲಿಸುವ ಬಟನ್ ಒತ್ತುವ ಹೊತ್ತಿಗೆ ಟೀಚರ್ ಮೀನು ಬಿಟ್ಟು ಆನೆಗೆ ಹೋಗಿದ್ದರು. ಆ ಅಳತೆ ರದ್ದು ಎಂದು ಅವಳು ಮನಸ್ಸಿನಲ್ಲೇ ಹೊಡೆದುಹಾಕಿದಳು.

ವಿರಾಮದಲ್ಲಿ, ಟೀ ಕುಡಿಯುವ ಕೋಣೆಯಲ್ಲಿ, ಎಂದಿನಂತೆ ಅವನು ಮೊದಲು ಓದಿದ.

“ಆನೆ, ಎರಡು ಪಾಯಿಂಟ್ ಒಂದು. ಮೀನು, ಒಂಬತ್ತು ಪಾಯಿಂಟ್ ನಾಲ್ಕು.”

ಅವಳ ಟೀ ಕಪ್ ತುಟಿಯ ಹತ್ತಿರವೇ ನಿಂತಿತು. “ಎಷ್ಟು?”

“ಒಂಬತ್ತು...” ಅವನ ದನಿ ಇಳಿಯಿತು.

“ಟೀಚರ್ ಒಂದು ಸೆಕೆಂಡೂ ಕಾದಿಲ್ಲ ರೀ. ಗುಬ್ಬಿ ಜಗ್ಗಿದ್ದಕ್ಕೆ ನನ್ನದು ಒಂಬತ್ತು ತೋರಿಸಿದ್ದು. ನಿಮ್ಮನ್ನ ಯಾವ ಗುಬ್ಬಿ ಜಗ್ಗಿತ್ತು?”

ಅವನು ಟೇಬಲ್ ಮೇಲಿನ ಟೀ ಕಲೆಯನ್ನು ಬೆರಳಿನಿಂದ ಉಜ್ಜಿದ. ಮೂರು ವಾರಗಳಿಂದ ತಮ್ಮಿಬ್ಬರ ಅಂಕಿಗಳು ಕನ್ನಡಿಯಲ್ಲಿ ನೋಡಿದಂತೆ ಹೊಂದುತ್ತಿದ್ದುದನ್ನು ನೆನೆದು ಅವಳು ಹೆಮ್ಮೆಪಟ್ಟಿದ್ದಳು. ಈಗ ಕಪ್ ಕೆಳಗಿಟ್ಟಳು.

“ನನ್ನ ನೋಡ್ಕೊಂಡು ಒತ್ತುತ್ತಿದ್ರಾ?”

“ಹೂಂ.”

“ಕಾಪಿ.”

“ಕಾಪಿ ಹೊಡೀಬೇಕು ಅಂತ ಅಲ್ಲ. ಮೊದಲು ಮಕ್ಕಳನ್ನೇ ನೋಡ್ತಿದ್ದೆ. ಬಟನ್ ಒತ್ತೋ ಮುಂಚೆ ನಿಮ್ಮ ಎಡಗಡೆ ಹುಬ್ಬು ಒಂಚೂರು ಮೇಲೆ ಹೋಗುತ್ತೆ. ಒಂದಿನ ಅದು ಕಣ್ಣಿಗೆ ಬಿತ್ತು. ಆಮೇಲೆ ಕಣ್ಣು ಅಲ್ಲಿಂದ ಏಳಲಿಲ್ಲ. ಬೆರಳು ತಾನಾಗೇ ಒತ್ತುತ್ತಿತ್ತು.”

ಅವಳ ಎಡಹುಬ್ಬು ಈಗ ಎಲ್ಲಿದೆಯೋ ಅವಳಿಗೇ ತಿಳಿಯಲಿಲ್ಲ. ಕಿವಿ ಬಿಸಿಯಾಗಿದ್ದು ಮಾತ್ರ ತಿಳಿಯಿತು. ಕೋಪಕ್ಕೂ ಕಿವಿ ಬಿಸಿಯಾಗುತ್ತದೆ ಎಂದುಕೊಂಡಳು.

“ನಾನು ಮೇಡಂಗೆ ಹೇಳ್ತೀನಿ.”

“ಬೇಡ. ನಾನೇ ಹೇಳ್ತೀನಿ, ನೀವು ಜೊತೆಗಿರಿ. ನೀವು ಬಿಟ್ಟುಬಿಡೋಣ ಅಂದಿದ್ರೆ...” ಅವನು ಸಣ್ಣಗೆ ನಕ್ಕ. “ನನಗೆ ಇಷ್ಟ ಆದವರು ನೀವಲ್ಲ ಅಂದುಕೊಳ್ತಿದ್ದೆ.”

ಯೋಜನೆಯ ಮುಖ್ಯಸ್ಥೆ ಮೇಡಂ ಕನ್ನಡಕ ತೆಗೆದು ಒರೆಸಿದರು. “ಇಬ್ಬರು ಇಷ್ಟು ಚೆನ್ನಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು ಕಣಪ್ಪಾ.” ಅವನ ಅಳತೆಗಳೆಲ್ಲ ಕಸದ ಬುಟ್ಟಿಗೆ. ಮೂರು ವಾರದ ಕೆಲಸವನ್ನು ಅವಳು ಹೊಸ ಜೊತೆಗಾರರೊಂದಿಗೆ ಮತ್ತೆ ಮಾಡಬೇಕು. ಅವನು ಶುಕ್ರವಾರ ಚಳಿದೇಶಕ್ಕೆ ವಾಪಸ್, ಅಲ್ಲಿ ಅಂಕಿ ತುಂಬುವ ಕೆಲಸಕ್ಕೆ.

ಸಂಜೆ ಅಕ್ಕ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು. “ಭೇಷ್! ಕಳ್ಳನ್ನ ಹಿಡಿದುಕೊಟ್ಟೆ. ಈಗ್ಯಾಕೆ ಮೂಗು ಎಳೀತಿದ್ದೀಯ?”

“ನೆಗಡಿ.”

“ನೆಗಡಿಯಂತೆ ನೆಗಡಿ! ಅವನು ನಿಂಗೆ ಇಷ್ಟಾನಾ, ಇಲ್ವಾ?”

ಅವಳು ಬಾಯಿ ತೆರೆದಳು.

“ಬಿಡು ಮಹಾರಾಯ್ತಿ, ನಿನ್ನ ಉತ್ತರ ಬರೋ ಹೊತ್ತಿಗೆ ನನ್ನ ಹಾಲು ಉಕ್ಕಿ ಚೆಲ್ಲಿರುತ್ತೆ,” ಎಂದು ಅಕ್ಕ ಫೋನ್ ಇಟ್ಟುಬಿಟ್ಟಳು.

ಎಲ್ಲರೂ ಹಾಗೇ. ಚಿಕ್ಕವಳಿದ್ದಾಗ ಅವಳಿಗೆ ಮಾತು ತಡವಾಗಿ ಬರುತ್ತಿತ್ತು. ಉತ್ತರ ಗೊತ್ತಿರುತ್ತಿತ್ತು; ಅದು ಗಂಟಲು ದಾಟುವಷ್ಟರಲ್ಲಿ ಟೀಚರ್ ಪಕ್ಕದ ಮಗುವಿಗೆ ಹೋಗಿರುತ್ತಿದ್ದರು. ಸೆಕೆಂಡುಗಳನ್ನು ಅಳೆಯುವ ಈ ಕೆಲಸವನ್ನು ಯಾಕೆ ಆರಿಸಿಕೊಂಡೆ ಎಂದು ಯಾರಾದರೂ ಕೇಳಿದ್ದರೆ ಅವಳು ಇದನ್ನೇ ಹೇಳುತ್ತಿದ್ದಳು. ಕೇಳಿದವರು ಅಷ್ಟು ಹೊತ್ತು ನಿಂತಿದ್ದರೆ.

ಶುಕ್ರವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋಗಿದ್ದರು. ಹಳದಿ ಕೋಣೆಯಲ್ಲಿ ಅವನು ತನ್ನ ಮೂಲೆಯ ಪುಟ್ಟ ಕುರ್ಚಿಯನ್ನು ಗೋಡೆಗೆ ಸರಿಸಿ, ಕೊರಳಿನ ಸ್ಟಾಪ್‌ವಾಚ್ ಬಿಚ್ಚಿ ಅವಳ ಕೈಗೆ ಕೊಟ್ಟ. ದಾರ ಇನ್ನೂ ಬೆಚ್ಚಗಿತ್ತು.

“ಯೋಜನೆಯ ಸಾಮಾನು. ಒಪ್ಪಿಸಬೇಕಲ್ಲ.”

“ಹೂಂ.”

“ಹೋಗೋ ಮುಂಚೆ ಒಂದು ಪ್ರಶ್ನೆ.” ಅವನು ಅವಳ ಎಡಹುಬ್ಬನ್ನು ನೋಡಲಿಲ್ಲ, ಕಣ್ಣನ್ನೇ ನೋಡಿದ. “ಅಲ್ಲಿನ ಕೆಲಸ ಮುಗಿಸಿ ನಾನು ಇಲ್ಲಿಗೆ ಬರ್ತೀನಿ. ನಿಮಗೋಸ್ಕರ ಬರಬಹುದಾ?”

ಪ್ರಶ್ನೆ ಮುಗಿದದ್ದೇ ಅವಳ ಹೆಬ್ಬೆರಳು ಅಭ್ಯಾಸದಂತೆ ಬಟನ್ ಒತ್ತಿತು.

ಉತ್ತರ ಅವಳಲ್ಲಿತ್ತು, ಗಂಟಲಿನಲ್ಲಿ ಸಿಕ್ಕಿಕೊಂಡಿತ್ತು. ಕಿಟಕಿಯ ಬಿಸಿಲು ಕಟ್ಟಿಗೆಯ ಬ್ಲಾಕುಗಳ ಮೇಲೆ ಬಿದ್ದಿತ್ತು. ಹೊರಗೆ ಯಾರೋ ಗೇಟು ಎಳೆದರು. ಅವನು ‘ಯೋಚಿಸಿ ಹೇಳಿ’ ಎನ್ನಲಿಲ್ಲ. ಪ್ರಶ್ನೆಯನ್ನು ಸುಲಭ ಮಾಡಿ ಮತ್ತೆ ಕೇಳಲಿಲ್ಲ. ಅವಳ ಬದಲು ತಾನೇ ಉತ್ತರ ಹೇಳಿಕೊಂಡು ನಗಲೂ ಇಲ್ಲ. ಎರಡು ಕೈಗಳನ್ನೂ ಬರಿದಾಗಿ ಬಿಟ್ಟು, ಅವಸರವೇ ಇಲ್ಲದವನಂತೆ ನಿಂತಿದ್ದ.

“ಬನ್ನಿ,” ಎಂದಳು ಅವಳು. ಮಾತು ಒಮ್ಮೆ ದಾಟಿದ ಮೇಲೆ ಉಳಿದದ್ದು ತಾನಾಗಿ ಬಂತು. “ಆದರೆ ಒಂದೇ ತರಗತಿಗೆ ನಮ್ಮಿಬ್ಬರನ್ನ ಹಾಕಲ್ಲ.”

“ಯಾಕೆ? ಇನ್ನು ಮಕ್ಕಳನ್ನೇ ನೋಡ್ತೀನಿ.”

“ಗಂಡ ಹೆಂಡತಿ ಜೋಡಿ ವೀಕ್ಷಕರಾಗೋ ಹಾಗಿಲ್ಲ. ನಿಯಮ.”

ಅವನು ಮೆಲ್ಲಗೆ ಆ ಪುಟ್ಟ ಕುರ್ಚಿಯ ಮೇಲೆ ಕೂತುಬಿಟ್ಟ. ಮೊಣಕಾಲು ಗದ್ದಕ್ಕೆ ತಾಗಿತು.

ಆಗ ಅವಳಿಗೆ ಕೈಯಲ್ಲಿದ್ದ ಸ್ಟಾಪ್‌ವಾಚ್ ನೆನಪಾಯಿತು. ‘ಬನ್ನಿ’ ಎನ್ನುವಾಗಲೇ ಬೆರಳು ಅದನ್ನು ನಿಲ್ಲಿಸಿತ್ತು. ಎರಡನೆಯ ವೀಕ್ಷಕನ ಕೈ ಖಾಲಿಯಿದ್ದ ಕಾರಣ ಈ ಅಳತೆಯನ್ನು ತಾಳೆ ನೋಡಲಾಗಿಲ್ಲ.

ಕಾದ ಹೊತ್ತು: 41.6 ಸೆಕೆಂಡು.